ಪ್ರತಿಕ್ರಿಯೆ: ಗೋದಲಿಗೆ ಒಮ್ಮೆ ಹೌದು, ಇನ್ನೊಮ್ಮೆ ಬೇಡ ಯಾಕೆ?

ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಊರಿನ ಕ್ರಿಸ್‌ಮಸ್ ಗೋದಲಿಗೆ (ಯೇಸು ಹುಟ್ಟಿದ ದೃಶ್ಯದ ಗೊಂಬೆಗಳ ಮಾದರಿಗೆ) ಒಪ್ಪಿ, ಐದು ವರ್ಷದ ನಂತರ ಇನ್ನೊಂದಕ್ಕೆ ಬೇಡ ಅಂದಿದ್ದೇಕೆ ಅಂತ ಕೇಳಿದ್ದೀರಿ. ಅಕ್ಕಪಕ್ಕ ಏನಿತ್ತು ಅಂತ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

1984ರ ಲಿಂಚ್ ವಿರುದ್ಧ ಡಾನೆಲಿ ಪ್ರಕರಣ ರೋಡ್ ಐಲೆಂಡ್‌ನ ಪಾಟಕೆಟ್‌ನದು. ಅಲ್ಲಿ ಗೋದಲಿಯ ಜೊತೆ ಸಾಂಟಾನ ಮನೆ, ಹಿಮಸಾರಂಗಗಳು, ಕ್ರಿಸ್‌ಮಸ್ ಮರ, ಬಣ್ಣದ ದೀಪಗಳು, ಕೋಡಂಗಿ ಮತ್ತು ಆನೆಯ ಆಕೃತಿಗಳೂ ಇದ್ದವು. ಒಟ್ಟಾರೆ ನೋಡಿದರೆ ಇದು ಹಬ್ಬದ ಆಚರಣೆ ಅಂತ 5-4ರಲ್ಲಿ ತೀರ್ಪು ಬಂತು.

1989ರ ಅಲೆಘೆನಿ ಕೌಂಟಿ ಪ್ರಕರಣ ಪಿಟ್ಸ್‌ಬರ್ಗ್‌ನದು. ಅಲ್ಲಿ ಗೋದಲಿ ಇದ್ದದ್ದು ಕೋರ್ಟ್ ಕಟ್ಟಡದ ಮುಖ್ಯ ಮೆಟ್ಟಿಲ ಮೇಲೆ. ಸಾಂಟಾ ಇಲ್ಲ, ಸಾರಂಗ ಇಲ್ಲ, ಮೇಲೆ ದೇವರಿಗೆ ಮಹಿಮೆ ಅನ್ನುವ ಲ್ಯಾಟಿನ್ ಬರಹ ಹಿಡಿದ ದೇವದೂತ. ಸರ್ಕಾರವೇ ಧರ್ಮವನ್ನು ಎತ್ತಿ ಹಿಡಿದಂತಾಯ್ತು ಅಂತ ಕೋರ್ಟ್ ಬೇಡ ಅಂತು. ಅದೇ ತೀರ್ಪಿನಲ್ಲಿ, ಇನ್ನೊಂದು ಸರ್ಕಾರಿ ಕಟ್ಟಡದ ಹೊರಗೆ 45 ಅಡಿ ಕ್ರಿಸ್‌ಮಸ್ ಮರದ ಪಕ್ಕ ನಿಂತಿದ್ದ ಯಹೂದಿಗಳ 18 ಅಡಿ ದೀಪಸ್ತಂಭಕ್ಕೆ ಮಾತ್ರ ಒಪ್ಪಿಗೆ ಸಿಕ್ತು.

ಲಿಂಚ್‌ನಲ್ಲಿ ನ್ಯಾಯಮೂರ್ತಿ ಓಕಾನರ್ ಬೇರೆಯಾಗಿ ಬರೆದ ಅಭಿಪ್ರಾಯವನ್ನು ದಯವಿಟ್ಟು ಓದಿ. ಇದನ್ನು ನೋಡಿದ ಬೇರೆ ನಂಬಿಕೆಯವರಿಗೆ 'ನಾವು ಹೊರಗಿನವರು' ಅನ್ನಿಸುತ್ತಾ ಅನ್ನೋದೇ ಅವರ ಕಾಳಜಿ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಅದೇ, ಆನೆ ಇತ್ತಾ ಇಲ್ವಾ ಅನ್ನೋದಕ್ಕಿಂತ ಎಷ್ಟೋ ಜಾಸ್ತಿ ಮುಖ್ಯ ಅಲ್ವಾ?

ಆದರೆ ಈಗಿನ ಕಾನೂನಿನ ಬಗ್ಗೆ ಬರೆಯುತ್ತಿದ್ದರೆ ಇಷ್ಟಕ್ಕೇ ನಿಲ್ಲಿಸಬೇಡಿ. 2022ರಲ್ಲಿ ಅದೇ ಕೋರ್ಟ್ ಕೊಟ್ಟ ಕೆನಡಿ ವಿರುದ್ಧ ಬ್ರೆಮರ್ಟನ್ ತೀರ್ಪು, ಸರ್ಕಾರ ಧರ್ಮವನ್ನು ಎತ್ತಿ ಹಿಡಿದಂತೆ ಕಾಣುತ್ತಾ ಅನ್ನುವ ಈ ಅಳತೆಗೋಲನ್ನು ಬಿಟ್ಟು, ಇತಿಹಾಸ ಮತ್ತು ರೂಢಿಯನ್ನು ನೋಡಿ ಅಂದಿದೆ.