‘ಶ್ಯಾಮಶೈಲ’ದ ಲೇಖಕರಿಗೆ: ಈ ರಾಜ್ಯಕ್ಕೆ ಕುದುರೆ ಎಲ್ಲಿಂದ ಬಂತು?

ಆತ್ಮೀಯರೇ, ನಮಸ್ಕಾರ.

ನಿಮ್ಮ ‘ಶ್ಯಾಮಶೈಲ’ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ನಮ್ಮಿಂದಾಗುವುದಿಲ್ಲ. ಎರಡು ಸಾಲಿನ ವಿಷಾದ ಪತ್ರ ಬರೆದು ಮುಗಿಸಬಹುದಿತ್ತು. ಆದರೆ ಹೊಳೆ ದಾಟಿಸುವ ಮುದುಕಿಯ ಅಧ್ಯಾಯ ಓದಿದ ಮೇಲೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಆದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ಮಾತು ಕಟುವೆನಿಸಿದರೆ ಬೇಸರಿಸಬೇಡಿ.

ಇದು ಸಂಪೂರ್ಣ ಕಲ್ಪಿತ ಲೋಕ, ವಿಜಯನಗರದಿಂದ ಪ್ರೇರಣೆಯಷ್ಟೇ ಪಡೆದಿದ್ದೇನೆ ಎಂದು ಬರೆದಿದ್ದೀರಿ. ನಾನು ಓದಿದ್ದು ವಿಜಯನಗರವನ್ನೇ. ಬಂಡೆಗುಡ್ಡಗಳ ನಡುವೆ ಹೊಳೆ, ಏಳು ಸುತ್ತಿನ ಕೋಟೆ, ಮುತ್ತುರತ್ನದ ಬೀದಿ, ಕಲ್ಲಿನ ರಥ, ಕೊನೆಗೆ ಒಟ್ಟಾಗಿ ದಂಡೆತ್ತಿ ಬರುವ ಶತ್ರುರಾಜರು. ಹೆಸರುಗಳು ಮಾತ್ರ ನಿಮ್ಮವು. ಕನ್ನಡದ ಓದುಗರು ಎರಡನೇ ಪುಟದಲ್ಲೇ ಇದು ಹಂಪಿ ಎಂದು ಗುರುತು ಹಿಡಿಯುತ್ತಾರೆ. ಆಮೇಲೆ ಅವರು ಕಥೆ ಓದುವುದು ಬಿಟ್ಟು, ಈತ ಯಾವ ರಾಜ, ಇದು ಯಾವ ಗುಡಿ ಎಂದು ಹೊಂದಿಸುತ್ತಾ ಕೂರುತ್ತಾರೆ. ಊರು ಬೀಳುತ್ತದೆ ಎಂಬುದೂ ಅವರಿಗೆ ಮೊದಲೇ ಗೊತ್ತು.

ಅದರಲ್ಲೂ ನೀವು ತಂದಿರುವುದು ಇವತ್ತು ಪ್ರವಾಸಿಗರಿಗೆ ಕಾಣುವ ಹಂಪಿಯನ್ನು. 4ನೇ ಅಧ್ಯಾಯದಲ್ಲಿ ನಿಮ್ಮ ರಾಜ ‘ವಿಶಾಲವಾದ ಕಲ್ಲಿನ ಜಗಲಿಯ ಮೇಲೆ, ಬಯಲಿನಲ್ಲಿ’ ಒಡ್ಡೋಲಗ ನಡೆಸುತ್ತಾನೆ. ಹಂಪಿಯ ಅರಮನೆಗಳ ಮೇಲ್ಭಾಗ ಮರದ್ದಾಗಿತ್ತು. ಅದು ಸುಟ್ಟು, ಕೊಳೆತು ಹೋಗಿ ಕಲ್ಲಿನ ತಳಪಾಯ ಉಳಿಯಿತು. ನಿಮ್ಮ ಊರಿನ್ನೂ ತುಂಬಿ ತುಳುಕುತ್ತಿರುವಾಗಲೇ ಅದರ ಅರಸ ಹಾಳು ಬಿದ್ದ ಕಟ್ಟಡದಲ್ಲಿ ಕೂತಿದ್ದಾನೆ!

ಹಾಗಾದರೆ ಇತಿಹಾಸದಿಂದ ಏನನ್ನು ತೆಗೆದುಕೊಳ್ಳಬೇಕು? ಆ ಊರಿನವರಿಗೆ ಯಾವುದರ ಕೊರತೆಯಿತ್ತು, ಅದನ್ನು ನೀಗಿಕೊಳ್ಳಲು ಅವರು ಏನೇನು ಮಾಡಿದರು ಎಂಬುದನ್ನು. ನಿಮ್ಮ ಸೇನೆಯಲ್ಲಿ ಲಕ್ಷ ಕುದುರೆಗಳಿವೆ, ಅವು ಎಲ್ಲಿಂದ ಬಂದವು ಎಂದು ಯಾರೂ ಕೇಳುವುದಿಲ್ಲ. ವಿಜಯನಗರದ ಅರಸರಿಗೆ ಅದು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆಯಾಗಿತ್ತು. ಒಳ್ಳೆಯ ಯುದ್ಧಕುದುರೆ ಇಲ್ಲಿ ಸಿಗುತ್ತಿರಲಿಲ್ಲ. ಪರ್ಷಿಯಾ ಕೊಲ್ಲಿಯ ಹೊರ್ಮುಜ್, ಅರೇಬಿಯಾದ ಏಡನ್ ಬಂದರುಗಳ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್, ಸಾಳುವ ನರಸಿಂಹನ ಬಗ್ಗೆ ಒಂದು ವಿಷಯ ಬರೆದಿಟ್ಟಿದ್ದಾನೆ. ಮೂರು ಕುದುರೆಗೆ ಸಾವಿರ ಪರ್ದಾವ್ (ಅಂದಿನ ಚಿನ್ನದ ನಾಣ್ಯ) ಲೆಕ್ಕದಲ್ಲಿ ಆ ಅರಸ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತಿದ್ದರೆ ಬಾಲ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತು.

ಈ ಒಂದು ಸಂಗತಿಯ ಬೆನ್ನು ಹತ್ತಿ. ಬಾಲಕ್ಕೆ ಬೆಲೆ ಬಂತು ಎಂದರೆ ಕಳ್ಳಬಾಲ ತರುವವರು ಹುಟ್ಟಿಕೊಳ್ಳುತ್ತಾರೆ. ಬಾಲದ ಕೂದಲು ಹಿಡಿದು ತಳಿ ಹೇಳುವ ಅಧಿಕಾರಿ ಬೇಕಾಗುತ್ತಾನೆ, ಅವನಿಗೆ ಲಂಚ ಕೊಡುವವನೂ ಬರುತ್ತಾನೆ. ಬಂದರು ಯಾರ ಕೈಯಲ್ಲಿದೆಯೋ ರಾಜ್ಯದ ಜುಟ್ಟು ಅವರ ಕೈಯಲ್ಲಿರುತ್ತದೆ. ಈಗ ಕುದುರೆಯನ್ನು ತೆಗೆದು ಆ ಜಾಗದಲ್ಲಿ ನಿಮ್ಮ ಯೋಧರು ಏರುವ ಗಂಡಭೇರುಂಡವನ್ನಿಡಿ. ಅವು ಶ್ಯಾಮಶೈಲದಲ್ಲಿ ಮೊಟ್ಟೆಯಿಡುವುದಿಲ್ಲ. ಕಡಲಾಚೆಯ ದ್ವೀಪದಿಂದ ಮರಿಗಳನ್ನು ತರಬೇಕು, ಅರ್ಧಕ್ಕರ್ಧ ದಾರಿಯಲ್ಲೇ ಸಾಯುತ್ತವೆ, ಸತ್ತದ್ದಕ್ಕೆ ಎರಡೂ ಕೊಕ್ಕು ತೋರಿಸಿದರೆ ಹಣ. ಇದನ್ನು ಓದಿದವರು ಯಾರೂ ಹಂಪಿ ಎನ್ನುವುದಿಲ್ಲ; ಆದರೂ ಇಂಥ ರಾಜ್ಯ ಎಲ್ಲೋ ಇದ್ದೀತು ಎಂದು ನಂಬುತ್ತಾರೆ.

ನಿಮ್ಮ ಖಳರಾಜನಿಗೂ ಇದೇ ಮಾತು. ಅವನು ಕ್ರೂರಿ, ಅಷ್ಟೇ. 1565ರಲ್ಲಿ ವಿಜಯನಗರದ ಮೇಲೆ ಏರಿ ಬಂದವರಲ್ಲಿ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಒಬ್ಬ. ಪಟ್ಟಕ್ಕೆ ಬರುವ ಮೊದಲು, ಅಣ್ಣನಿಂದ ಜೀವ ಉಳಿಸಿಕೊಳ್ಳಲು ಓಡಿಬಂದು ಏಳು ವರ್ಷ ಅದೇ ವಿಜಯನಗರದ ಆಶ್ರಯದಲ್ಲಿದ್ದವನು. ಉಂಡ ಮನೆಯ ಮೇಲೆ ದಂಡು ತಂದವನ ಎದೆಯಲ್ಲಿ ಏನಿತ್ತೆಂದು ಇತಿಹಾಸಕಾರರು ಊಹಿಸಲು ಹಿಂಜರಿಯುತ್ತಾರೆ. ಕಾದಂಬರಿಕಾರರಾದ ನಿಮಗೆ ಆ ಹಿಂಜರಿಕೆ ಬೇಡ. ಇಷ್ಟೊಂದು ಸಿಕ್ಕುಗಳಿರುವ ಕಾಲವನ್ನು ಆರಿಸಿಕೊಂಡು, ಒಳ್ಳೆಯವರು ಕೆಟ್ಟವರು ಎಂದು ಎರಡು ಸಾಲು ಮಾಡಿ ನಿಲ್ಲಿಸಿದ್ದು ನನಗೆ ನಿಜಕ್ಕೂ ನೋವು ತಂದಿತು.

ಇನ್ನು ಪಾತಾಳಪುರಿ. ನೆಲದಡಿ ಹತ್ತು ಸಾವಿರ ಜನರ ಊರು, ಗೋಡೆಗೋಡೆಗೂ ಹಗಲಿರುಳು ಉರಿಯುವ ಪಂಜು. ನಿಮ್ಮ ಜನ ಉಸಿರಾಡುವುದು ಹೇಗೆ? ಟರ್ಕಿಯ ಕಪಡೋಕಿಯ ಪ್ರದೇಶದಲ್ಲಿ ಡೆರಿಂಕುಯು ಎಂಬ ನೆಲದಡಿಯ ಊರಿದೆ. 1963ರಲ್ಲಿ ಮನೆಯೊಂದರ ರಿಪೇರಿ ಮಾಡುವಾಗ ಬೆಳಕಿಗೆ ಬಂತು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲನ್ನು ಕೊರೆದು, ಸುಮಾರು 85 ಮೀಟರ್ ಆಳಕ್ಕೆ ಅಂತಸ್ತಿನ ಮೇಲೆ ಅಂತಸ್ತು ಮಾಡಿದ್ದಾರೆ. ಗಾಳಿಗೆಂದೇ ಕೊರೆದ ಕೊಳವೆಗಳಿವೆ. ಬೀಸುವ ಕಲ್ಲಿನಂಥ ದುಂಡನೆಯ ಕದಗಳಿದ್ದು, ಅವನ್ನು ಒಳಗಿನಿಂದ ಮಾತ್ರ ಉರುಳಿಸಿ ಮುಚ್ಚಬಹುದು. ಕೊಟ್ಟಿಗೆಗಳು ಮೇಲಿನ ಅಂತಸ್ತಿನಲ್ಲಿವೆ. ಅಲ್ಲಿಯ ವಿಚಿತ್ರಕ್ಕೆಲ್ಲ ಒಂದೊಂದು ಭಯ, ಒಂದೊಂದು ಅಗತ್ಯ ಕಾರಣವಾಗಿದೆ.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಡ್ಡ ತೋಡಿದ ಸುರಂಗಗಳಿವೆ. ಒಬ್ಬನೇ ಬಗ್ಗಿ ಪಿಕ್ಕಾಸಿನಿಂದ ಅಗೆಯುವಷ್ಟು ಇಕ್ಕಟ್ಟು. ಅಗೆಯುವವರು ಪಕ್ಕದಲ್ಲೊಂದು ಮೇಣದ ಬತ್ತಿ ಹಚ್ಚಿಡುತ್ತಾರೆ. ಬೆಳಕಿನ ಜೊತೆಗೆ ಅದು ಗಾಳಿಯ ಲೆಕ್ಕವನ್ನೂ ಹೇಳುತ್ತದೆ. ಉರಿ ಮಂಕಾಯಿತೆಂದರೆ ಹೊರಗೆ ಬರಬೇಕು. ನಿಮ್ಮ ಪಾತಾಳಪುರಿಯಲ್ಲಿ ರಾಜಾಜ್ಞೆಯಿಲ್ಲದೆ ದೀಪ ಹಚ್ಚುವುದೇ ಅಪರಾಧವಾಗಿದ್ದರೆ? ಒಬ್ಬರ ದೀಪ ಇನ್ನೊಬ್ಬರ ಉಸಿರನ್ನು ತಿನ್ನುತ್ತದೆ ಎಂದು ಮಕ್ಕಳಿಗೆ ಹೇಳಿ ಬೆಳೆಸುವ ಊರಾಗಿದ್ದರೆ? ಅಂಥ ಊರಿನ ಮದುವೆ ಹೇಗಿರುತ್ತದೆ, ಕಳ್ಳತನ ಹೇಗಿರುತ್ತದೆ ಎಂದು ನನಗೇ ಕುತೂಹಲವಾಗುತ್ತಿದೆ.

ಒಂದು ಎಚ್ಚರಿಕೆ. 11ನೇ ಅಧ್ಯಾಯದ ರಾಕ್ಷಸರಿಗೆ ಭೂತಕೋಲದ ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ), ಗಗ್ಗರ (ಕಾಲಿನ ಗೆಜ್ಜೆ) ತೊಡಿಸಿದ್ದೀರಿ. ಇವತ್ತಿಗೂ ಜನ ಕೈಮುಗಿದು ನಿಲ್ಲುವ ದೈವಗಳ ವೇಷವದು. ಹೆದರಿಸುವುದಕ್ಕೆಂದು ಅದನ್ನು ಎತ್ತಿಕೊಳ್ಳಬೇಡಿ, ತೆಗೆದುಹಾಕಿ.

ಕೊನೆಗೆ ಆ ಮುದುಕಿ. ಹರಿಗೋಲಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ತೂಕ ನೋಡಿ ಗದರುವವಳು, ‘ಮೊದಲು ಮೂಟೆ, ಆಮೇಲೆ ಮನುಷ್ಯ’ ಎನ್ನುವವಳು, ಸೇನಾಪತಿಯನ್ನೂ ಮೂಟೆಯ ಪಕ್ಕಕ್ಕೆ ತಳ್ಳುವವಳು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್ ಕೂಡ ಆನೆಗುಂದಿಯ ಹರಿಗೋಲನ್ನು ನೋಡಿ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತದೆ ಎಂದು. ನಿಮ್ಮ ಮುದುಕಿಗೆ ದೋಣಿ ಸುತ್ತುತ್ತದೆ ಎಂಬುದು ಮೈಯಲ್ಲೇ ಗೊತ್ತಿದೆ. ಇಡೀ ಹಸ್ತಪ್ರತಿಯಲ್ಲಿ ನನಗೆ ಎಲ್ಲೂ ಅನುಮಾನ ಬಾರದ ಜಾಗ ಅದೊಂದೇ.

ಇಡೀ ಕಾದಂಬರಿಯನ್ನು ಮತ್ತೆ ಕಳಿಸಬೇಡಿ. ಬಂದರಿನಿಂದ ಗಂಡಭೇರುಂಡದ ಮರಿಗಳು ಬಂದಿಳಿಯುವ ಒಂದು ಹೊಸ ಅಧ್ಯಾಯ ಬರೆಯಿರಿ. ಅವನ್ನು ಹೊಳೆ ದಾಟಿಸುವ ಕೆಲಸ ಮುದುಕಿಯದಾಗಿರಲಿ. ಅದನ್ನು ನನ್ನ ಹೆಸರಿಗೇ ಕಳಿಸಿ, ಬಂದ ಕೂಡಲೇ ಓದುತ್ತೇನೆ.

ನಿಮ್ಮ,
ಸಂಪಾದಕ