ಕರ್ಟ್ ವಾರ್ನರ್‌ಗೆ ಅರೀನಾ ಫುಟ್‌ಬಾಲ್ ಏನು ಕಲಿಸಿತು?

"ವಾರ್ನರ್ ಗೆದ್ದಿದ್ದು ಅದೃಷ್ಟದಿಂದಲಾ, ಅರೀನಾ ಫುಟ್‌ಬಾಲ್‌ನಿಂದ ಏನಾದರೂ ಲಾಭ ಆಯ್ತಾ" ಅಂತ ಕೇಳಿದ್ದೀರಿ. ವಾರ್ನರ್ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ. ನನ್ನ ಪ್ರಕಾರ ಅವರನ್ನು ತಯಾರು ಮಾಡಿದ್ದೇ ಅರೀನಾ, ಅಂದರೆ ಅದೇ ಆಟದ ಚಿಕ್ಕ ಒಳಾಂಗಣ ರೂಪ.

ನಾರ್ದರ್ನ್ ಅಯೋವಾ ಕಾಲೇಜಿನಲ್ಲಿ ಕೊನೆಯ ವರ್ಷದವರೆಗೂ ಬೆಂಚಿನಲ್ಲೇ ಕೂತಿದ್ದರು. 1994ರಲ್ಲಿ ಅಮೆರಿಕದ ಮುಖ್ಯ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಯಾರೂ ತಗೊಳ್ಳಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ತಂಡದ ತರಬೇತಿ ಕ್ಯಾಂಪಿನಿಂದಲೂ ಕೈಬಿಟ್ಟರು. ಆಮೇಲೆ ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಪಾಳಿ, ಶೆಲ್ಫಿಗೆ ಸಾಮಾನು ಜೋಡಿಸುವ ಕೆಲಸ.

1995ರಲ್ಲಿ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಎಂಬ ಅರೀನಾ ತಂಡ ಸೇರಿದರು. ಅರೀನಾ ಮೈದಾನ ಬರೀ 50 ಗಜ ಉದ್ದ, ತಂಡಕ್ಕೆ 8 ಜನ, ಅಂಚಿನಲ್ಲಿ ಮೆತ್ತೆ ಹಾಕಿದ ಗೋಡೆ. ಚೆಂಡು ಕೈಗೆ ಬರುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಯೋಚಿಸೋಕೆ ಪುರುಸೊತ್ತಿಲ್ಲ. ಸಿಕ್ಕ ಸಣ್ಣ ಸಂದಿಯಲ್ಲೇ ಚೆಂಡು ತೂರಿಸಬೇಕು.

1999ರಲ್ಲಿ ಎನ್‌ಎಫ್‌ಎಲ್ ತಂಡ ಸೇಂಟ್ ಲೂಯಿಸ್ ರಾಮ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮಂಡಿಗೆ ಪೆಟ್ಟಾಗಿ ವಾರ್ನರ್‌ಗೆ ಜಾಗ ಸಿಕ್ಕಿತು. ಅಷ್ಟು ಅದೃಷ್ಟ, ಒಪ್ಪೋಣ. ಆದರೆ 28ನೇ ವಯಸ್ಸಿನಲ್ಲಿ ಒಂದೇ ಸೀಸನ್‌ಗೆ 41 ಟಚ್‌ಡೌನ್ ಪಾಸ್ (ಅಂಕ ತಂದುಕೊಡುವ ಎಸೆತ), ಲೀಗ್‌ನ ಫೈನಲ್ ಸೂಪರ್ ಬೌಲ್‌ನಲ್ಲಿ ಎಸೆತದಿಂದಲೇ 414 ಗಜ ಸುಮ್ನೆ ಬರುತ್ತಾ? ಆ ಪಂದ್ಯದ ವಿಡಿಯೋದಲ್ಲಿ ಅವರ ಕೈಯನ್ನೇ ನೋಡಿ. ಹೊಡೆತ ಬೀಳುವ ಕ್ಷಣದ ಮುಂಚೆಯೇ ಚೆಂಡು ಹೋಗಿರುತ್ತದೆ.