ಕೃಷಿ ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ತೋಟದವನಿಗೆ ಏನು ಸಿಕ್ಕಿದೆ?

ನೀವು ಕೇಳಿದ್ದು ಇಷ್ಟು: ಕೃಷಿ ವಿಶ್ವವಿದ್ಯಾಲಯಗಳಿಂದ ವರ್ಷ ವರ್ಷ ರಾಶಿ ಪ್ರಬಂಧ ಬರುತ್ತವೆ, ಅದರಲ್ಲಿ ಒಂದಾದರೂ ತೋಟಕ್ಕೆ ಇಳಿದದ್ದು ಉಂಟಾ, ಅಲ್ಲ ಎಲ್ಲವೂ ಪ್ರಮೋಷನ್ನಿಗೆ ಬರೆದದ್ದಾ?

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಅಡಕೆ ತೋಟ, ಅಡಕೆ ಮರಕ್ಕೆ ಹಬ್ಬಿಸಿದ ಒಳ್ಳೆಮೆಣಸು, ಬದಿಯಲ್ಲಿ ತೆಂಗು. ಹಾಗಾಗಿ ನಮ್ಮ ಕಡೆಯದ್ದನ್ನೇ ಹಿಡಿದು ಹೇಳುತ್ತೇನೆ. ಇಳಿದಿದೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇಳಿದಿದೆ. ಆದರೆ ತಳಿಯ ಹೆಸರು ಇಳಿದಷ್ಟು ಸಲೀಸಾಗಿ ಅದರ ಷರತ್ತುಗಳು ಇಳಿದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಪಣಿಯೂರು-1 ಅನ್ನುವ ಒಳ್ಳೆಮೆಣಸಿನ ತಳಿಯ ಹೆಸರು ಕೇಳದ ತೋಟದವರು ನಮ್ಮಲ್ಲಿ ಯಾರೂ ಇಲ್ಲ. ಕಣ್ಣೂರು ಜಿಲ್ಲೆಯ ಪಣಿಯೂರಿನಲ್ಲಿ 1952ರಲ್ಲಿ ಮೆಣಸಿನ ಸಂಶೋಧನಾ ಕೇಂದ್ರ ಶುರುವಾಯಿತು. ಉದಿರನ್‌ಕೋಟ ಅನ್ನುವ ಬಳ್ಳಿಗೆ ಚೆರಿಯಕಣಿಯಕ್ಕಾಡನ್ ಬಳ್ಳಿಯ ಪರಾಗ ಕೊಟ್ಟು ಮಾಡಿದ ಹೈಬ್ರಿಡ್ ಇದು, ಒಳ್ಳೆಮೆಣಸಿನಲ್ಲಿ ಜಗತ್ತಿಗೇ ಮೊದಲನೆಯದು. ಆ ಕೇಂದ್ರ ಈಗ ಕೇರಳ ಕೃಷಿ ವಿಶ್ವವಿದ್ಯಾಲಯದ್ದು. ಉದ್ದ ತೆನೆ, ದಪ್ಪ ಕಾಳು, ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಸಂಶೋಧಕರು ಮೊದಲಿಂದಲೂ ಒಂದು ಮಾತು ಬರೆದಿದ್ದಾರೆ: ನೆರಳು ಜಾಸ್ತಿ ಇರುವಲ್ಲಿ ಈ ಬಳ್ಳಿ ಆಗುವುದಿಲ್ಲ. ದಟ್ಟ ನೆರಳಿಗೆ ಕರಿಮುಂಡ ಅನ್ನುವ ಊರ ತಳಿ ವಾಸಿ. ಈಗ ನಮ್ಮ ಅಡಕೆ ತೋಟಗಳನ್ನು ನೋಡಿ. ಕೆಲವು ಕಡೆ ಮಧ್ಯಾಹ್ನವೂ ನೆಲಕ್ಕೆ ಬಿಸಿಲು ಮುಟ್ಟುವುದಿಲ್ಲ. ಅಲ್ಲಿಗೂ ಇದೇ ಬಳ್ಳಿ ಹೋಗಿದೆ, ತೆನೆ ಬರಲಿಲ್ಲ, ಬೈಗುಳ ಪೂರ್ತಿ ವಿಶ್ವವಿದ್ಯಾಲಯಕ್ಕೆ. ಗಿಡ ಮಾರುವಲ್ಲಿ ಹೆಸರು ಹೇಳುತ್ತಾರೆ, ನೆರಳಿನ ವಿಚಾರ ಯಾರೂ ಎತ್ತುವುದಿಲ್ಲ.

ತೆಂಗಿನ ಕಥೆ ಇನ್ನೂ ಹಳೆಯದು, ಮತ್ತೆ ಅದು ನಮ್ಮ ಮನೆಬಾಗಿಲಿನದ್ದೇ. 1916ರಲ್ಲಿ ಮದರಾಸು ಸರಕಾರ ಕಾಸರಗೋಡು, ಪಿಲಿಕ್ಕೋಡ್, ನೀಲೇಶ್ವರಗಳಲ್ಲಿ ತೆಂಗಿನ ಸಂಶೋಧನಾ ಕೇಂದ್ರಗಳನ್ನು ತೆರೆಯಿತು. ಆಗ ಇದೆಲ್ಲ ದಕ್ಷಿಣ ಕನ್ನಡ ಜಿಲ್ಲೆಯೇ. 1930ರ ದಶಕದಲ್ಲಿ ಜೆ. ಎಸ್. ಪಟೇಲ್ ನೀಲೇಶ್ವರದಲ್ಲಿ ಊರಿನ ಎತ್ತರದ ತೆಂಗಿಗೆ ಚಾವಕ್ಕಾಡಿನ ಗಿಡ್ಡ ತಳಿಯ ಪರಾಗ ಕೊಟ್ಟು, ಜಗತ್ತಿನ ಮೊದಲ ಹೈಬ್ರಿಡ್ ತೆಂಗು ಬೆಳೆಸಿದರು. ಟಿ ಇಂಟು ಡಿ (ಟಾಲ್ ಇಂಟು ಡ್ವಾರ್ಫ್, ಎತ್ತರ ಮತ್ತು ಗಿಡ್ಡ) ಅಂತ ಹಿರಿಯರು ಹೇಳುವುದು ಇದನ್ನೇ. ಸ್ವಲ್ಪ ಯೋಚಿಸಿ, ಮರ ಹತ್ತಿ ಹೂಗೊಂಚಲಿನ ಗಂಡು ಹೂಗಳನ್ನೆಲ್ಲ ತೆಗೆದು, ಚೀಲ ಕಟ್ಟಿ, ಪರಾಗ ಹಾಕಿ, ಕಾಯಿ ಬಲಿಯಲು ಒಂದು ವರ್ಷ ಕಾದು, ಸಸಿ ಮಾಡಿ ನೆಟ್ಟು, ಅದು ಫಲ ಬಿಡುವ ತನಕ ಮತ್ತೆ ವರ್ಷಗಟ್ಟಲೆ ಕಾದು, ಆಮೇಲೆ ಇಳುವರಿ ಲೆಕ್ಕ ಬರೆಯುತ್ತಾ ಕೂರಬೇಕು. ಇಂಥ ಬೆಳೆಯಲ್ಲಿ ಒಂದು ವರ್ಷಕ್ಕೆ ಎಷ್ಟು ಪ್ರಬಂಧ ಬಂತು ಅಂತ ಎಣಿಸಿ ಸಂಸ್ಥೆಯನ್ನು ಅಳೆಯುವುದು ಸರಿಯಲ್ಲ. ಎರಡು ವರ್ಷದ ಎಂಎಸ್ಸಿ ವಿದ್ಯಾರ್ಥಿ ತೆಂಗಿನ ಒಂದು ಸಣ್ಣ ತುಂಡನ್ನಷ್ಟೇ ನೋಡಬಲ್ಲ. ಅಂಥ ತುಂಡುಗಳು ಒಟ್ಟು ಸೇರಿಯೇ ತಳಿ ಬರುವುದು.

ಇಲ್ಲಿಯೂ ಷರತ್ತು ಉಂಟು. ಹೈಬ್ರಿಡ್ ತೆಂಗಿಗೆ ಗೊಬ್ಬರ, ನೀರು ಎರಡೂ ಸರಿಯಾಗಿ ಬೇಕು. ಬೇಸಗೆಯಲ್ಲಿ ಸುರಂಗದ, ಅಂದರೆ ಗುಡ್ಡಕ್ಕೆ ಅಡ್ಡ ಕೊರೆದು ಒಸರು ಹಿಡಿಯುವ ಬಿಲದ, ನೀರನ್ನೇ ನಂಬಿದ ಗುಡ್ಡೆ ಜಾಗಕ್ಕೆ ಊರ ತಳಿಯೇ ಧೈರ್ಯ. ಇನ್ನೊಂದು, ಹೈಬ್ರಿಡ್ ಮರದಲ್ಲಿ ಚೆನ್ನಾಗಿ ಕಾಯಿ ಹಿಡಿಯಿತು ಅಂತ ಅದರ ಕಾಯಿಯನ್ನೇ ಬಿತ್ತಿದರೆ ಮುಂದಿನ ಮರಗಳಲ್ಲಿ ಗುಣ ಒಡೆದು ಹೋಗುತ್ತದೆ, ಒಂದು ಎತ್ತರ, ಒಂದು ಗಿಡ್ಡ, ಒಂದು ಏನೂ ಅಲ್ಲ. ಇದು ತುಂಬ ಹಳೆಯ ವಿಷಯ, ಆದರೂ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಹಾಗೇ ಸಸಿ ಮಾಡುತ್ತಾರೆ.

ಮತ್ತೆ, "ಮದ್ದಿಲ್ಲ" ಅನ್ನುವುದೂ ಸಂಶೋಧನೆಯ ಫಲವೇ. ಅಡಕೆಯ ಹಳದಿ ಎಲೆ ರೋಗ 1914ರಷ್ಟು ಹಿಂದೆಯೇ ಮೂವಾಟ್ಟುಪುಳ ಕಡೆ ಕಂಡದ್ದು. ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ, ಜಿಗಿಹುಳದಂಥ ಒಂದು ಸಣ್ಣ ಕೀಟ ಹರಡುತ್ತದೆ ಅನ್ನುವ ತನಕ ಗೊತ್ತಾಗಿದೆ. ಬಂದ ಮರವನ್ನು ಗುಣಪಡಿಸುವ ಔಷಧಿ ಇಲ್ಲ. ನೀರು ಬಸಿದು ಹೋಗುವಂತೆ ಮಾಡಿ, ಗೊಬ್ಬರ ಕೊಟ್ಟು ಮರವನ್ನು ಸ್ವಲ್ಪ ಕಾಲ ಹಿಡಿದಿಡಬಹುದು, ಅಷ್ಟೇ. ಈ ಒಂದು ಮಾತು ಕನ್ನಡದಲ್ಲಿ ಸ್ಪಷ್ಟವಾಗಿ ಮನೆ ಮನೆಗೆ ಮುಟ್ಟಿದ್ದರೆ, ಖಂಡಿತ ಗುಣ ಅಂತ ಬಾಟಲಿ ಮಾರಿಕೊಂಡು ಬರುವವರಿಗೆ ಸುಳ್ಯದಲ್ಲೂ ಇಲ್ಲೂ ಇಷ್ಟು ದುಡ್ಡು ಹೋಗುತ್ತಿರಲಿಲ್ಲ. ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇದಕ್ಕೆ.

ಭಾಷೆಯ ಅಡ್ಡಿ ನಮಗೆ ಎರಡು ಪಟ್ಟು. ಪ್ರಬಂಧ ಇಂಗ್ಲಿಷ್, ಕೈಗೆ ಸಿಗುವ ಕರಪತ್ರ ಹೆಚ್ಚಾಗಿ ಮಲಯಾಳ. ಮಂಜೇಶ್ವರ, ಕುಂಬಳೆ, ಎಣ್ಮಕಜೆ ಕಡೆ ಕನ್ನಡದಲ್ಲೇ ಓದಿದ ಹಿರಿಯ ರೈತರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಅಂಗಡಿಯವನ ಬಾಯಿಯನ್ನೇ ನಂಬಬೇಕಾಗುತ್ತದೆ.

ನೀವೇ ಹುಡುಕಿ ನೋಡುವುದಾದರೆ, ದೇಶದ ಕೃಷಿ ವಿಶ್ವವಿದ್ಯಾಲಯಗಳ ಎಷ್ಟೋ ಥೀಸಿಸ್‌ಗಳು ಕೃಷಿಕೋಶ್ ಅನ್ನುವ ಸಂಗ್ರಹದಲ್ಲಿವೆ. ಕೇರಳದ್ದು ಬೇಕಾದರೆ ಜರ್ನಲ್ ಆಫ್ ಟ್ರಾಪಿಕಲ್ ಅಗ್ರಿಕಲ್ಚರ್ ಇದೆ, ಬೆಳೆವಾರು ಶಿಫಾರಸುಗಳ ಪ್ಯಾಕೇಜ್ ಆಫ್ ಪ್ರಾಕ್ಟೀಸಸ್ ಪುಸ್ತಕ ಇದೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಮತ್ತು ವಿಟ್ಲದಲ್ಲಿರುವ ಅದರ ಕೇಂದ್ರ, ಇವೆರಡೂ ವಿಶ್ವವಿದ್ಯಾಲಯದ್ದಲ್ಲ, ಐಸಿಎಆರ್‌ನದ್ದು (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು), ಆದರೆ ಅಡಕೆ ತೆಂಗಿಗೆ ಅವನ್ನು ಬಿಟ್ಟು ನಡೆಯುವುದಿಲ್ಲ. ಥೀಸಿಸ್ ತೆರೆದರೆ ಸುಮ್ನೆ ಕೊನೆಯ ಪುಟಕ್ಕೆ ಹಾರಬೇಡಿ. ಪ್ರಯೋಗ ಎಲ್ಲಿ ಮಾಡಿದ್ದು, ಮಣ್ಣು ಯಾವುದು, ಮಳೆ ಎಷ್ಟು, ನೀರು ಹಾಕಿದ್ದರಾ, ಎಷ್ಟು ವರ್ಷದ ಲೆಕ್ಕ ಅಂತ ಮೊದಲು ನೋಡಿ. ಅದು ನಿಮ್ಮ ಜಾಗಕ್ಕೆ ಹೊಂದದಿದ್ದರೆ ಇಳುವರಿಯ ಅಂಕಿಯಿಂದ ನಿಮಗೆ ಉಪಯೋಗ ಇಲ್ಲ.

ನಿಮ್ಮ ಬೆಳೆ ಯಾವುದು, ಮಣ್ಣು ಹೇಗೆ, ನೀರಿನ ವ್ಯವಸ್ಥೆ ಏನು ಅಂತ ಕೆಳಗೆ ಬರೆಯಿರಿ. ಅಡಕೆ, ತೆಂಗು, ಒಳ್ಳೆಮೆಣಸು ಆದರೆ ನನಗೆ ಸಿಕ್ಕಿದ್ದನ್ನು ಷರತ್ತು ಸಮೇತ ಕನ್ನಡದಲ್ಲಿ ಬರೆದು ಹಾಕುತ್ತೇನೆ.